ಮಕ್ಕಳೊಡನೆ ಹಿಮದ ನಾಡಿಗೆ

ಅಮೆರಿಕದ ಶಾಲೆಗಳಿಗೆ ಮಾರ್ಚಿಯಲ್ಲೋ ಏಪ್ರಿಲಿನಲ್ಲೋ ಒಂದು ವಾರದ ಬಿಡುವುಂಟು. ವಸಂತದ ರಜೆಯೆಂದು ಅದರ ಹೆಸರು. ವಸಂತವೆಂದೊಡನೆ ಮಾವಿನ ಚಿಗುರನ್ನೂ ಕೋಗಿಲೆಯನ್ನೂ ನೆನೆಯುವ ನಮ್ಮ ವಾಚಕರಿಗೆ, ಟೆಕ್ಸಾಸಿನ ಬಿಸಿಲುನಾಡಿನವರು ಆ ರಜೆಯಲ್ಲಿ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಹಿಮವನ್ನರಸಿ ಕೊಲೊರಾಡೊ ಪರ್ವತಗಳಿಗೆ ಹೊರಡುವರೆಂಬುದು ಸೋಜಿಗವೆನಿಸೀತು. ಆದರೆ ಅಲ್ಲಿ ಮಾರ್ಚಿಯಲ್ಲೂ ಹಿಮ ಧಾರಾಳವಾಗಿ ಬೀಳುತ್ತದೆ. ಹಗಲು ಮಾತ್ರ ಜನವರಿಗಿಂತ ದೀರ್ಘ, ಚಳಿಯೂ ಕೊಂಚ ಸೌಮ್ಯ. ಕಾಲಿಗೆ ಉದ್ದನೆಯ ಹಲಗೆಗಳನ್ನು ತೊಟ್ಟು ಇಳಿಜಾರಿನಲ್ಲಿ ಜಾರುವ ಸ್ಕೀ ವಿದ್ಯೆಗೆ ಚಿಕ್ಕವರನ್ನು ಹಚ್ಚಲು ಒಳ್ಳೆಯ ಕಾಲವೇ ಸರಿ. ಡಲ್ಲಾಸ್, ಹ್ಯೂಸ್ಟನ್ ನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೂ ಇದು ದೂರದ ಮಾತಲ್ಲ.

ದಂಪತಿಗಳು ಪ್ರವಾಸದ ಯೋಜನೆಗೆ ಕುಳಿತರೆ ಮೊದಲೇಳುವುದು ಹಣದ ಮಾತು. ಹೆಸರಾಂತ ತಾಣಗಳಲ್ಲಿ ಬೆಟ್ಟವೇರಿಸುವ ತೂಗುಕುರ್ಚಿಯ ಟಿಕೆಟ್ಟು ತಲೆಗೆ ದಿನಕ್ಕೆ 200 ಡಾಲರುಗಳನ್ನೂ ಮೀರುವುದುಂಟು. ಚಳಿಗಾಲಕ್ಕೆ ಮುಂಚೆಯೇ ಕೊಂಡಿಟ್ಟವರಿಗೆ ಅಗ್ಗ. ನಾಲ್ಕು ವರ್ಷದೊಳಗಿನವರಿಗೆ ಅನೇಕ ಕಡೆ ಅದು ಉಚಿತ. ಶಿಕ್ಷಕರ ಶುಲ್ಕ, ವಸತಿ, ಬಾಡಿಗೆಯ ಹಲಗೆಗಳು ಎಲ್ಲವೂ ಕಾಗದದ ಮೇಲೆ ಇಳಿಯುತ್ತವೆ. ಇಳಿಯದೆ ಉಳಿಯುವುದು ಒಂದೇ: ಎತ್ತರ.

ಹ್ಯೂಸ್ಟನ್ ಕಡಲಮಟ್ಟದಿಂದ ಹೆಚ್ಚು ಮೇಲಿಲ್ಲ. ಬ್ರೆಕೆನ್‌ರಿಜ್ ಊರು ನಿಂತಿರುವುದು 9,600 ಅಡಿಗಳಲ್ಲಿ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಒಂದೂವರೆ ಪಾಲು! ಬೆಳಿಗ್ಗೆ ವಿಮಾನವೇರಿದ ಮಗು ಸಂಜೆಗೆ ಆ ತೆಳುಗಾಳಿಯಲ್ಲಿರುತ್ತದೆ. ದೊಡ್ಡವರು ತಲೆನೋವೆಂದೋ ಓಕರಿಕೆಯೆಂದೋ ಬಾಯಿಬಿಟ್ಟು ಹೇಳಿಯಾರು. ಎರಡು ವರ್ಷದ ಕೂಸು ಏನು ಹೇಳೀತು? ರಚ್ಚೆ ಹಿಡಿಯುತ್ತದೆ, ಉಣ್ಣದು, ನಿದ್ರಿಸದು. ಪ್ರಯಾಣದ ಆಯಾಸವೆಂದು ತಾಯಿ ಸಮಾಧಾನಪಡುತ್ತಾಳೆ. ಬರಿಯ ಹಟವೆಂದು ತಂದೆ ಗದರುತ್ತಾನೆ. ಟಿಕೆಟ್ಟಿಗೆ ತೆತ್ತ ಹಣ ವ್ಯರ್ಥವಾಗಬಾರದೆಂದು ಮರುದಿನ ಅದೇ ಮಗುವನ್ನು ಇನ್ನೂ ಮೇಲಕ್ಕೆ ಒಯ್ಯುವವರೂ ಇದ್ದಾರೆ. ಅಪಾಯವಿರುವುದು ಇಲ್ಲಿಯೇ. ಅಂಥ ಮಗುವಿಗೆ ಮೊದಲು ಬೇಕಾದುದು ವಿಶ್ರಾಂತಿ, ಆಗಾಗ ಗುಟುಕು ನೀರು. ಮೇಲೇರುವ ಮಾತು ಬೇಡ. ವಾಂತಿ ನಿಲ್ಲದಿದ್ದರೆ, ಏದುಸಿರು ಬಂದರೆ, ಮಂಪರು ಕವಿದರೆ ತಡಮಾಡದೆ ಕೆಳಗಿಳಿದು ವೈದ್ಯರನ್ನು ಕಾಣತಕ್ಕದ್ದು.

ಇದಕ್ಕೆ ಮುಂಜಾಗ್ರತೆಯೂ ಉಂಟು. ಡೆನ್ವರ್ ನಗರದ ಎತ್ತರ 5,280 ಅಡಿ, ಸರಿಯಾಗಿ ಒಂದು ಮೈಲಿ. ಅಲ್ಲಿ ಒಂದೆರಡು ರಾತ್ರಿ ತಂಗಿ ಹೊರಟರೆ ದೇಹ ಹೊಂದಿಕೊಳ್ಳಲು ಅವಕಾಶವಾಗುತ್ತದೆ. ವಾರಾಂತ್ಯದ ಬೆಳಗಿನಲ್ಲಿ ಬೆಟ್ಟದ ಹೆದ್ದಾರಿಯಲ್ಲಿ ಇರುವೆಸಾಲಿನಂತೆ ನಿಲ್ಲುವ ಕಾರುಗಳ ನಡುವೆ ಸಿಲುಕುವ ಕಷ್ಟವೂ ತಪ್ಪೀತು.

ಕಲಿಕೆಯ ಮಾತು ಹೀಗೆ. ಸ್ಕೀ ಶಾಲೆಗಳು ಸಾಮಾನ್ಯವಾಗಿ ಮೂರು ನಾಲ್ಕು ವರ್ಷದಿಂದ ಮಕ್ಕಳನ್ನು ಸೇರಿಸಿಕೊಳ್ಳುತ್ತವೆ. ನೆಲದ ಮೇಲೆ ತಾನಾಗಿ ಸರಿಯುವ ಪಟ್ಟಿಯ ಮೇಲೆ ನಿಂತರೆ ಸಾಕು, ಪುಟ್ಟ ದಿಬ್ಬದ ತುದಿ ತಲುಪಬಹುದು. ಮಾಯಾಕಂಬಳಿಯೆಂದು ಅದಕ್ಕೆ ಮಕ್ಕಳು ಮೆಚ್ಚುವ ಹೆಸರಿಟ್ಟಿದ್ದಾರೆ. ಹಲಗೆಗಳ ಮೂತಿ ಕೂಡಿಸಿದರೆ ಪಿಜ್ಜಾದ ತುಂಡು, ವೇಗ ತಗ್ಗುತ್ತದೆ. ಜೋಡಿಯಾಗಿ ನೇರವಿಟ್ಟರೆ ಕರಿದ ಆಲೂಗೆಡ್ಡೆಯ ಕಡ್ಡಿ, ವೇಗ ಏರುತ್ತದೆ. ಪಾಠವೆಲ್ಲ ತಿಂಡಿಯ ಭಾಷೆಯಲ್ಲಿ! ಆದರೂ ಅರ್ಧ ದಿನದ ಪಾಠವೇ ಸಾಕು. ಪದರಪದರವಾಗಿ ಬಟ್ಟೆ ತೊಡಿಸಿ, ಕೈಗವಸು ಹಾಕಿ, ಶಿರಸ್ತ್ರಾಣ ಬಿಗಿದು ಬಾಗಿಲು ದಾಟುವ ಹೊತ್ತಿಗೆ ಮಗುವಿಗೆ ಬಚ್ಚಲಿನ ನೆನಪಾಗುವುದು, ಪುನಃ ಮೊದಲಿನಿಂದ. ಇಷ್ಟರಲ್ಲೇ ಮಗುವಿನ ಅರ್ಧ ಶಕ್ತಿ ಮುಗಿದಿರುತ್ತದೆ.

ಬಿಸಿಲನ್ನೂ ಹಗುರಾಗಿ ಎಣಿಸಲಾಗದು. ಹೊಸ ಹಿಮ ನೇರಳಾತೀತ ಕಿರಣಗಳನ್ನು ನೂರಕ್ಕೆ 80ರಷ್ಟು ಹಿಂದಿರುಗಿಸಬಲ್ಲದು. ಮೂಗಿನ ತುದಿಗೂ ಗಲ್ಲದ ಅಡಿಗೂ ಲೇಪ ಬೇಕು, ಕಣ್ಣಿಗೆ ಕಪ್ಪು ಕನ್ನಡಕ ಬೇಕು.

ಹಲಗೆ, ಬೂಟುಗಳನ್ನು ಹಿಂದಿನ ಸಂಜೆಯೇ ಬಾಡಿಗೆಗೆ ಪಡೆದರೆ ಬೆಳಗಿನ ಸರದಿ ತಪ್ಪುತ್ತದೆ. ಅಲ್ಲಿ ನಮ್ಮವರ ಹಳೆಯ ಚಪಲವೊಂದು ತಲೆಯೆತ್ತುವುದುಂಟು: ಬೆಳೆಯುವ ಮಗು, ಒಂದಳತೆ ದೊಡ್ಡದಿರಲಿ! ಸಡಿಲವಾದ ಬೂಟಿನಲ್ಲಿ ಪಾದ ತಿರುಗಿದರೂ ಹಲಗೆ ತಿರುಗದು. ಒಳಗೆ ಒಂದೇ ಜೊತೆ ಕಾಲುಚೀಲ, ಅಳತೆ ಸರಿಯಾಗಿ ಪಾದದ್ದೇ. ಬಾಡಿಗೆಯ ಬೂಟನ್ನು ಮುಂದಿನ ವರ್ಷಕ್ಕೆಂದು ಮನೆಗೊಯ್ಯುವವರು ಯಾರೂ ಇಲ್ಲವಷ್ಟೆ.