ಗುಂಪಿನಲ್ಲಿ ಮಾತು ನಿಂತಾಗ



ಮನಸ್ಸಿನ ಬೇನೆಗೆ ಡಾಕ್ಟರು ಮಾತ್ರೆ ಕೊಡುತ್ತಾರೆಂದು ನಮಗೆಲ್ಲ ಗೊತ್ತು. ಏಳೆಂಟು ಜನರ ನಡುವೆ ಕೂರಿಸಿ ಮಾತಾಡಿಸುವುದೂ ಒಂದು ಚಿಕಿತ್ಸೆ. 1905ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಪ್ರ್ಯಾಟ್ ಎಂಬುವರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಸೇರಿಸಿ ಆರೈಕೆಯ ಪಾಠ ಹೇಳುತ್ತಿದ್ದರು. ರೋಗಿಗಳು ಒಬ್ಬರನ್ನೊಬ್ಬರು ನೋಡಿ ಧೈರ್ಯ ತಂದುಕೊಂಡರು. ಗುಂಪು ಮನೋಚಿಕಿತ್ಸೆಯ ಬೇರು ಅಲ್ಲಿದೆ.

ಆದರೆ ಕೆಲವು ವಾರ ಕಳೆದ ಮೇಲೆ ಬಂಡಿ ಕೆಸರಲ್ಲಿ ಹೂತ ಹಾಗೆ ಗುಂಪು ನಿಂತುಬಿಡುವುದುಂಟು. "ಬಸ್ ಚಾರ್ಜು ದಂಡ ಕಣ್ರೀ" ಅಂತ ಬಿಟ್ಟುಬಿಡೋಣ ಅನ್ನಿಸುವುದು ಆಗಲೇ. ಸ್ವಲ್ಪ ತಾಳಿ!

ಮೊದಲನೆಯದು ಮೌನ. ಎಲ್ಲರೂ ನೆಲ ನೋಡುತ್ತಾ ಕೂರುತ್ತಾರೆ. ಹೇಳಿದ ಮಾತು ಊರೆಲ್ಲ ಹಬ್ಬಿದರೆ? ಚಿಕ್ಕ ಊರಿನ ನಮಗೆ ಈ ಭಯ ಸಹಜ. ಗುಟ್ಟು ಹೇಳುವ ಮೊದಲು ಆ ಭಯವನ್ನೇ ಹೇಳಿ. ಇಲ್ಲಿ ಆಡಿದ್ದು ಇಲ್ಲೇ ಇರಬೇಕೆಂದು ಎಲ್ಲರಿಂದ ಮತ್ತೊಮ್ಮೆ ಮಾತು ತೆಗೆದುಕೊಳ್ಳಿ.

ಎರಡನೆಯದು ದೂರು. ಒಬ್ಬರು ಕಷ್ಟ ತೋಡಿಕೊಳ್ಳುತ್ತಾರೆ, ಉಳಿದವರು ಉಪಾಯ ಹೇಳುತ್ತಾರೆ. "ಅದೆಲ್ಲ ಮಾಡಿ ಆಯ್ತು, ನಮ್ಮನೇಲಿ ನಡೆಯೋಲ್ಲ" ಎಂಬುದೇ ಉತ್ತರ! ಸಹಾಯ ಕೇಳುತ್ತಲೇ ಸಹಾಯವನ್ನು ತಳ್ಳುವ ಇಂಥವರ ವಿಷಯವನ್ನು ಜೆರೋಮ್ ಫ್ರ್ಯಾಂಕ್ ಮತ್ತು ಅವರ ಜೊತೆಗಾರರು 1952ರಲ್ಲೇ ಬರೆದಿದ್ದಾರೆ. ತನ್ನ ನೋವು ಮುಚ್ಚಿಟ್ಟು ಡಾಕ್ಟರ ಸಹಾಯಕರಂತೆ ಬುದ್ಧಿ ಹೇಳುವವರನ್ನೂ ಅವರು ಬಿಟ್ಟಿಲ್ಲ. ಇಲ್ಲಿ ಇನ್ನೊಂದು ಸಲಹೆ ಕೊಟ್ಟು ಪ್ರಯೋಜನವಿಲ್ಲ. "ನೀವು ಬೇಡ ಅಂದಾಗಲೆಲ್ಲ ನನಗೆ ಸೋತ ಹಾಗಾಗುತ್ತೆ" ಎಂದು ಮೆತ್ತಗೆ ಹೇಳಿ. ಮನೆಯಲ್ಲಿ ಯಾರೂ ಅವರಿಗೆ ಇದನ್ನು ಹೇಳಿರಲಿಕ್ಕಿಲ್ಲ.

ಮೂರನೆಯದು, ಎಲ್ಲರೂ ಸೇರಿ ಒಬ್ಬರ ಮೇಲೆ ಬೀಳುವುದು. ಚಿಕಿತ್ಸಕರ ಮೇಲಿನ ಅಸಮಾಧಾನ ಬಾಯಿಬಿಟ್ಟು ಹೇಳಲಾಗದೆ, ಎಲ್ಲರಿಗಿಂತ ಮೆತ್ತಗಿರುವವರ ಮೇಲೆ ಇಳಿಯುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ! ಕೋಪ ನಿಜವಾಗಿ ಯಾರ ಮೇಲೆ ಎಂದು ಕೇಳಿಕೊಂಡರೆ ಗಂಟು ಸಡಿಲವಾಗುತ್ತದೆ.

ಗಮನಿಸಿದಿರಾ ಸೋದರಿಯರೇ? ಬಾಯಿ ಕಟ್ಟಿಕೊಳ್ಳುವುದು, ಸಹಾಯ ತಳ್ಳುವುದು, ಕೋಪ ತಿರುಗಿಸುವುದು, ಇವೆಲ್ಲ ನಾವು ಮನೆಯಲ್ಲಿ ಮಾಡುವುದೇ. ಗುಂಪು ನಿಂತಿತೆಂದರೆ ಚಿಕಿತ್ಸೆ ಕೆಟ್ಟಿತು ಎಂದಲ್ಲ. ಎಷ್ಟೋ ಸಲ ನಿಜವಾದ ತೊಂದರೆ ಅಲ್ಲೇ ಕಣ್ಣೆದುರು ಬಂದು ಕೂತಿರುತ್ತದೆ. ಅಲ್ಲಿ ಬಿಡಿಸಲು ಕಲಿತದ್ದು ಮನೆಗೂ ಬರುತ್ತದೆ.

ಬಿಡಲೇಬೇಕು ಅನ್ನಿಸಿದರೆ ಸುಮ್ಮನೆ ಮನೆಯಲ್ಲಿ ಉಳಿಯಬೇಡಿ. "ಬಿಡಬೇಕು ಅನ್ನಿಸ್ತಿದೆ" ಎಂದು ಗುಂಪಿನಲ್ಲೇ ಹೇಳಿ, ಇನ್ನೂ ಒಂದೆರಡು ಸಲ ಹೋಗಿ ನೋಡಿ. ಆದರೆ ನಿಮ್ಮ ಗುಟ್ಟು ಹೊರಗೆ ಹೋಗಿದ್ದರೆ ಚಿಕಿತ್ಸಕರಿಗೆ ಕೂಡಲೇ ತಿಳಿಸಿ. ಜೀವ ಬೇಡ ಎಂಬ ಯೋಚನೆ ಬಂದರಂತೂ ಮುಂದಿನ ವಾರಕ್ಕೆ ಕಾಯಲೇಬೇಡಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.