ಆರು ಪೈಸೆ ಎಲ್ಲಿ ಹೋಯಿತು?

ಮೊಬೈಲಿನಲ್ಲೇ ಎಲ್ಲ ಸಿಗುವಾಗ ಲೈಬ್ರರಿಗೆ ಯಾರು ಹೋಗುತ್ತಾರೆ ಎನ್ನುವ ಮಾತು ಈಗ ಅಧಿಕಾರಿಗಳ ಬಾಯಲ್ಲೂ ಬರತೊಡಗಿದೆ. ಹೀಗೆನ್ನುವವರು ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದ ಒಳಗೆ ಕಾಲಿಟ್ಟು ಎಷ್ಟು ವರ್ಷವಾಯಿತು? ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬುತ್ತಿ ಕಟ್ಟಿಕೊಂಡು ಬಂದು ಅಲ್ಲಿ ದಿನವಿಡೀ ಕೂರುತ್ತಾರೆ. ಪೀಜಿಯ ಒಂದೇ ಕೋಣೆಯಲ್ಲಿ ಮೂರ್ನಾಲ್ಕು ಜನರಿದ್ದರೆ ಓದಲು ಮೂಲೆಯಾದರೂ ಎಲ್ಲಿರುತ್ತದೆ? ಅವರ ಕೈಯಲ್ಲೂ ಮೊಬೈಲ್ ಇದೆ. ಇಲ್ಲದಿರುವುದು ಮೇಜು, ಕುರ್ಚಿ, ಫ್ಯಾನು ಮತ್ತು ನಿಶ್ಶಬ್ದ.

ಹೆಸರಘಟ್ಟದ ನೀರನ್ನು ಬೆಂಗಳೂರಿನ ನಲ್ಲಿಗಳಿಗೆ ತಂದವರು ದಿವಾನ್ ಶೇಷಾದ್ರಿ ಅಯ್ಯರ್. ಅವರ ನೆನಪಿಗೆ ಕಟ್ಟಿದ ಕೆಂಪು ಭವನದಲ್ಲಿ ನಗರದ ಈ ಸಾರ್ವಜನಿಕ ಗ್ರಂಥಾಲಯ ನೆಲೆಯಾದದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1915ರ ಸುಮಾರಿಗೆ. ಆಗ ಊರಿನಲ್ಲಿ ಅಕ್ಷರ ಬಲ್ಲವರೇ ಕಡಿಮೆ. ಓದುವವರು ಎಷ್ಟಿದ್ದಾರೆಂದು ಲೆಕ್ಕ ಹಾಕುತ್ತ ಕೂತಿದ್ದರೆ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ.

ಇನ್ನು ದುಡ್ಡಿಲ್ಲ ಎಂಬ ವಾದ. ಇದು ಶುದ್ಧ ಸುಳ್ಳು. 1965ರ ಗ್ರಂಥಾಲಯ ಕಾಯ್ದೆಯ ಹಿಂದೆ ಎಸ್.ಆರ್. ರಂಗನಾಥನ್ ಅವರಂಥವರ ಶ್ರಮವಿತ್ತು. ಸರ್ಕಾರದ ಮರ್ಜಿಗೆ ಕಾಯದೆ ಲೈಬ್ರರಿ ನಡೆಯಲೆಂದೇ ಉಪಕರದ ಏರ್ಪಾಡಾಯಿತು. ಈಗ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ. ಹತ್ತು ಸಾವಿರ ತೆರಿಗೆ ಕಟ್ಟುವ ಮನೆಯಿಂದ ಆರು ನೂರು ರೂಪಾಯಿ ಪುಸ್ತಕಕ್ಕೆಂದೇ ವಸೂಲಾಗುತ್ತದೆ. ನಿಮ್ಮ ತೆರಿಗೆ ರಸೀದಿಯ ಸೆಸ್ ಸಾಲಿನಲ್ಲಿ ಅದೂ ಸೇರಿದೆ. ನೀವು ಕಟ್ಟಿದ್ದೀರಿ. ಆದರೆ ವಸೂಲಿ ಮಾಡಿದ ಬಿಬಿಎಂಪಿ ಗ್ರಂಥಾಲಯ ಇಲಾಖೆಗೆ ನೂರಾರು ಕೋಟಿ ಬಾಕಿ ಉಳಿಸಿಕೊಂಡಿತು. ಇನ್ನೊಬ್ಬರಿಗೆ ಕೊಡಬೇಕಾದ ದುಡ್ಡನ್ನು ಮನೆಮನೆಯಿಂದ ಎತ್ತಿ ಬೇರೆ ಯಾರಾದರೂ ಇಟ್ಟುಕೊಂಡರೆ ಪೊಲೀಸರು ಬರುತ್ತಾರೆ.

ಸುರಂಗ ರಸ್ತೆಗೆ ಸಾವಿರಾರು ಕೋಟಿಯ ಮಾತಾಡುವಾಗ ಸರ್ಕಾರ ನಡೆಸುವವರ ನಾಲಿಗೆ ತಡವರಿಸುವುದಿಲ್ಲ. ನವೆಂಬರ್ ಬಂದರೆ ಹಳದಿ ಕೆಂಪು ಶಾಲು ಹೊದ್ದು ಭಾಷಣ ಮಾಡುತ್ತಾರೆ. ಅದೇ ಹೊತ್ತಿನಲ್ಲಿ ಕನ್ನಡದ ಸಣ್ಣ ಪ್ರಕಾಶಕ ಗ್ರಂಥಾಲಯಗಳ ಸಗಟು ಖರೀದಿಯ ಬಿಲ್ಲು ಹಿಡಿದು ಇಲಾಖೆಗೆ ಅಲೆಯುತ್ತಿರುತ್ತಾನೆ. ಸಾಲ ತಂದು ಅಚ್ಚು ಹಾಕಿಸಿದ ಪುಸ್ತಕದ ಕಟ್ಟು ಮನೆಯ ಅಟ್ಟದಲ್ಲಿರುತ್ತದೆ. ಕನ್ನಡ ಉಳಿಸುವ ಮನಸ್ಸಿದ್ದರೆ ಮೊದಲು ಕನ್ನಡ ಪುಸ್ತಕ ಕೊಂಡು ಅದರ ದುಡ್ಡು ಕೊಡಿ.

2020ರಲ್ಲಿ ಬಂದ ಡಿಜಿಟಲ್ ಗ್ರಂಥಾಲಯವನ್ನು ಎಲ್ಲದಕ್ಕೂ ಉತ್ತರವೆಂದು ಮುಂದೆ ಹಿಡಿಯುತ್ತಾರೆ. ಅದು ಇರಲಿ, ಬೆಳೆಯಲಿ. ಆದರೆ ಬ್ರೈಲ್ ಪುಟದ ಮೇಲೆ ಬೆರಳಾಡಿಸಿ ಓದುವವರಿಗೆ ಗಾಜಿನ ಪರದೆ ಏನು ಕೊಟ್ಟೀತು?

ಬಿಬಿಎಂಪಿ ಹೋಗಿ ಈಗ ಐದು ಪಾಲಿಕೆಗಳಾಗಿವೆ. ಹಳೆಯ ಬಾಕಿ ನಮ್ಮದಲ್ಲ ಎಂದು ಒಬ್ಬರ ಮೇಲೊಬ್ಬರು ಹಾಕುವುದಕ್ಕೆ ಒಳ್ಳೆಯ ಅವಕಾಶ. ಅದಕ್ಕೆ ಮುಂಚೆಯೇ ಸರ್ಕಾರ ಬಾಕಿಯನ್ನು ಐದಕ್ಕೂ ಹಂಚಿ, ಕಂತು ಗೊತ್ತುಮಾಡಿ, ಪ್ರತಿ ಪಾಲಿಕೆಯ ಬಜೆಟ್ಟಿನಲ್ಲಿ ಬೇರೆ ಸಾಲಾಗಿ ತೋರಿಸಲಿ. ಕೊಡದ ಪಾಲಿಕೆಯ ಅನುದಾನದಲ್ಲಿ ಅಷ್ಟನ್ನು ಮುರಿದುಕೊಂಡು ನೇರವಾಗಿ ಗ್ರಂಥಾಲಯ ಇಲಾಖೆಗೆ ಕಟ್ಟಲಿ.