ಆರೋಗ್ಯ ಸಂವಹನ: ಗ್ರಹಿಕೆಯ ಅಧ್ಯಯನ ವಿಧಾನ

2020ರ ಕೋವಿಡ್ ಸಂದರ್ಭದಲ್ಲಿ ‘ಸಾಮಾಜಿಕ ಅಂತರ’ ಎಂಬ ಪದ ಕನ್ನಡಿಗರನ್ನು ವ್ಯಾಪಕವಾಗಿ ತಲುಪಿತು. ಅದು ಹೇಗೆ ಗ್ರಹಿಕೆಗೆ ಬಂದಿತೆಂಬುದು ಬೇರೆಯೇ ಪ್ರಶ್ನೆ. ಅಸ್ಪೃಶ್ಯತೆಯ ಚರಿತ್ರೆಯುಳ್ಳ ಸಮಾಜದಲ್ಲಿ ಆ ಪದ ಕೇವಲ ವೈದ್ಯಕೀಯ ಸೂಚನೆಯಾಗಿ ಕೇಳಿಸಲಾರದು. ಆ ವರ್ಷದ ಮಾರ್ಚಿನಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆ ‘ದೈಹಿಕ ಅಂತರ’ಕ್ಕೆ ಹೊರಳಿತಾದರೂ ಹಳೆಯ ಪದ ಬಳಕೆಯಲ್ಲಿ ಉಳಿಯಿತು.

‘ಕೇಳಿದ್ದೀರಾ? ಒಪ್ಪುತ್ತೀರಾ?’ ಎಂಬ ಪ್ರಶ್ನಾವಳಿ ಸಂದೇಶದ ತಲುಪುವಿಕೆಯನ್ನು ಅಳೆಯಬಲ್ಲದು, ಅರ್ಥವನ್ನಲ್ಲ. ಕೇಳಿದ ಸೂಚನೆಯನ್ನು ಜನರು ತಮ್ಮ ಮಾತಿನಲ್ಲಿ ಮರಳಿ ಹೇಳುವಂತೆ ಕೋರಿ, ಆ ನಿರೂಪಣೆಗಳನ್ನು ಜಾತಿ, ಲಿಂಗ, ಪ್ರದೇಶಗಳ ಹಿನ್ನೆಲೆಯಲ್ಲಿ ಹೋಲಿಸಬೇಕು. ಬಿಕ್ಕಟ್ಟು ಕಳೆದ ಮೇಲಿನ ನೆನಪನ್ನು ಅಂದಿನ ಗ್ರಹಿಕೆಯೆಂದು ಭಾವಿಸದೆ ಪ್ರತ್ಯೇಕ ಆಕರವೆಂದೇ ಪರಿಗಣಿಸಬೇಕು. ಪಾಠಾಂತರ, ಅರ್ಥವ್ಯತ್ಯಾಸಗಳನ್ನು ಗುರುತಿಸುವ ಪರಿಣತಿ ಜಾನಪದ ಹಾಗೂ ಭಾಷಾವಿಜ್ಞಾನಗಳಿಗಿದೆ. ಆದ್ದರಿಂದ ಈ ಅಧ್ಯಯನ ಕನ್ನಡ ವಿಭಾಗಗಳ ಹೊಣೆಯೂ ಹೌದು.